ಕಣ್ಣಿಗೆ ಕಾಣದ ಬೋರ್ಡಿನಲ್ಲೂ ಕನ್ನಡ ಬೇಕು!

ಕನ್ನಡದ ಯುವಕ ಯುವತಿಯರೇ,

ಬೋರ್ಡಿನ ಹೋರಾಟ ನಿಮಗೆ ಹೊಸದಲ್ಲ. 2023 ರ ಡಿಸೆಂಬರ್ 27 ರಂದು ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ನಾಮಫಲಕಗಳು ನೆಲಕ್ಕುರುಳಿದವು. ಹೋರಾಟಗಾರರು ಜೈಲಿಗೆ ಹೋದರು. ಒಡೆದದ್ದು ಸರಿಯೋ ತಪ್ಪೋ ಎಂದು ಟೀವಿಯವರು ವಾರಗಟ್ಟಲೆ ಚರ್ಚೆ ಮಾಡಿದರು. 2024 ರ ಫೆಬ್ರವರಿಯಲ್ಲಿ ವಿಧಾನಮಂಡಲ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ತಂದು, ನಾಮಫಲಕದಲ್ಲಿ ಶೇಕಡಾ 60 ರಷ್ಟು ಕನ್ನಡ ಇರಲೇಬೇಕೆಂದು ವಿಧಿಸಿತು. ಬೀದಿಯಲ್ಲಿ ಕೂಗಿದ ಮೇಲೆ ಕಾನೂನು ಬಂತು. ಕೂಗದಿದ್ದರೆ ಬರುತ್ತಿತ್ತೇ?

ಇಂದು ನಾವು ಹೇಳಹೊರಟಿರುವುದು ಇನ್ನೊಂದು ಬೋರ್ಡಿನ ಮಾತು. ಅದು ಬೀದಿಯಲ್ಲಿಲ್ಲ. ವೆಬ್ ಪುಟದ ಒಳಗೆ, ನಿಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ ಕೂತಿದೆ. ಅದಕ್ಕೆ ಮಸಿ ಬಳಿಯಲು ಬರುವುದಿಲ್ಲ, ಕಲ್ಲು ಹೊಡೆಯಲೂ ಬರುವುದಿಲ್ಲ. ಅದನ್ನು ಸರಿಪಡಿಸಲು ಬೇಕಾದದ್ದು ಎರಡೇ ಎರಡು ಅಕ್ಷರ, ಅರ್ಧ ನಿಮಿಷ, ಒಂದಿಷ್ಟು ಸ್ವಾಭಿಮಾನ. ಮೊದಲಿನೆರಡು ನಮ್ಮಲ್ಲಿ ಧಾರಾಳವಾಗಿವೆ. ಮೂರನೆಯದರ ಪರೀಕ್ಷೆ ಈಗ.

ಒಂದು ಕೆಲಸ ಮಾಡಿ. ವಿಜಯಪುರದ ಯಾವುದಾದರೂ ಕಾಲೇಜಿನ, ಮಠದ, ಸಹಕಾರಿ ಸಂಘದ, ದ್ರಾಕ್ಷಿ ವ್ಯಾಪಾರಿಯ ಕನ್ನಡ ಪುಟವೊಂದನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಕೀಲಿಮಣೆಯಲ್ಲಿ ಕಂಟ್ರೋಲ್ ಹಿಡಿದು ಯು ಒತ್ತಿರಿ. ಪುಟದ ಬಣ್ಣ ಬೆಡಗೆಲ್ಲ ಕಳಚಿ ಬಿದ್ದು ಒಳಗಿನ ಎಲುಬಿನ ಹಂದರ ಕಾಣುತ್ತದೆ. ಮೊದಲ ಕೆಲವು ಸಾಲಿನಲ್ಲಿ ಎಚ್‌ಟಿಎಂಎಲ್ ಎಂಬ ಪದವಿದೆ. ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ಲ್ಯಾಂಗ್' ಎಂದು ಬರೆದು, ಸಮ ಚಿಹ್ನೆ ಹಾಕಿ, ಉದ್ಧರಣ ಚಿಹ್ನೆಯೊಳಗೆ ಎರಡು ಅಕ್ಷರ ಕೊಟ್ಟಿರುತ್ತಾರೆ. ಅದೇ ಆ ಪುಟದ ಭಾಷೆಯ ಬೋರ್ಡು. 'ಕೆಎನ್' ಎಂದಿದ್ದರೆ ಪುಟ ಕನ್ನಡದ್ದು. 'ಇಎನ್' ಎಂದಿದ್ದರೆ ಇಂಗ್ಲಿಷಿನದು.

ನೀವು ತೆರೆದ ಪುಟದಲ್ಲಿ ಏನಿದೆ? 'ಇಎನ್' ಕಂಡರೆ ಬೆಚ್ಚಬೇಡಿ. ಮೈತುಂಬ ಕನ್ನಡ, ಹಣೆಪಟ್ಟಿ ಮಾತ್ರ ಇಂಗ್ಲಿಷ್!

ಯಾರು ಮಾಡಿದ ಕೆಲಸ ಇದು?

ದೆಹಲಿಯವರು ಹೇರಿದ್ದಲ್ಲ. ಬಹುರಾಷ್ಟ್ರೀಯ ಕಂಪನಿಯ ಪಿತೂರಿಯೂ ಅಲ್ಲ. ನಮ್ಮ ಊರಿನ, ನಮ್ಮ ಓಣಿಯ ಹುಡುಗನೇ ಮಾಡಿದ್ದು. ಅವನೂ ಬೇಕೆಂದು ಮಾಡಿದ್ದಲ್ಲ. ಪುಟ ಕಟ್ಟುವವರು ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ, ಸಿದ್ಧ ಅಚ್ಚೊಂದನ್ನು ಎತ್ತಿಕೊಳ್ಳುತ್ತಾರೆ. ಆ ಅಚ್ಚಿನಲ್ಲಿ 'ಇಎನ್' ಎಂದು ಮೊದಲೇ ಬರೆದಿರುತ್ತದೆ. ಹುಡುಗ ಒಳಗಿನ ಇಂಗ್ಲಿಷ್ ತೆಗೆದು ಕನ್ನಡ ತುಂಬುತ್ತಾನೆ, ಬೋರ್ಡು ಬದಲಿಸುವುದನ್ನು ಮರೆಯುತ್ತಾನೆ. ಹಳೆಯ ಬಾಡಿಗೆದಾರನ ಬೋರ್ಡಿನ ಕೆಳಗೇ ಹೊಸ ಅಂಗಡಿ ತೆರೆದ ಹಾಗೆ.

ಈ ಬೋರ್ಡು ನಿನ್ನೆ ಮೊನ್ನೆಯದೂ ಅಲ್ಲ. ವೆಬ್ ಇಂಗ್ಲಿಷಿನ ಜಹಗೀರು ಆಗಬಾರದು ಎಂದು 1997 ರಲ್ಲೇ ಎಚ್‌ಟಿಎಂಎಲ್‌ನೊಳಗೆ ಭಾಷೆ ಹೇಳುವ ಈ ಗುರುತಿಗೆ ಜಾಗ ಕೊಟ್ಟರು. ಅದಕ್ಕೂ ಮೊದಲು, 1991 ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಹೊರಬಂದಾಗಲೇ ಕನ್ನಡ ಲಿಪಿಗೆ ಅದರಲ್ಲಿ ಸ್ವಂತ ಮನೆ ಸಿಕ್ಕಿತ್ತು. ಮನೆ ಸಿಕ್ಕಿತು, ಬಾಗಿಲ ಮೇಲೆ ಹೆಸರು ಬರೆದುಕೊಳ್ಳಲು ಹಲಗೆಯೂ ಸಿಕ್ಕಿತು. ಹೆಸರು ಬರೆಯುವ ಒಂದು ಕೆಲಸ ನಮಗೆ ಬಿಟ್ಟಿದ್ದರು. ಅದನ್ನೂ ನಾವು ಮಾಡಲಿಲ್ಲ.

ಇನ್ನು ಕೆಲವರು ಅಭಿಮಾನದಿಂದಲೇ ಎಡವುತ್ತಾರೆ. ವಿಜಯಪುರದ ಗಾಡಿಗಳ ಮೇಲೆ 'ಕೆಎ 28' ನೋಡಿ ನೋಡಿ, ಕರ್ನಾಟಕ ಎಂದರೆ 'ಕೆಎ', ಹಾಗಾದರೆ ಕನ್ನಡವೂ 'ಕೆಎ' ಎಂದು ಬರೆದುಬಿಡುತ್ತಾರೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ 'ಕೆಎ' ಯಾರದು ಗೊತ್ತೇ? ಕಾಕಸಸ್ ಬೆಟ್ಟಗಳ ಪಕ್ಕದ ಜಾರ್ಜಿಯಾ ದೇಶದ ಜಾರ್ಜಿಯನ್ ಭಾಷೆಯದು! ತಿಕೋಟಾದ ಸುದ್ದಿ ಹಾಕಿ, ಇದು ಜಾರ್ಜಿಯನ್ ಎಂದು ಜಗತ್ತಿಗೆ ಸಾರಿದಂತಾಯಿತು. ಗಾಡಿಗೆ 'ಕೆಎ', ನುಡಿಗೆ 'ಕೆಎನ್'. ಇಷ್ಟು ನೆನಪಿಡಿ.

ಇದರಿಂದ ಯಾರಿಗೆ ನಷ್ಟ?

"ಓದುವವರಿಗೆ ಕನ್ನಡ ಕಾಣುತ್ತದಲ್ಲ, ಒಳಗೆ ಏನಿದ್ದರೇನು?" ಎಂದು ನೀವು ಕೇಳಬಹುದು. ಕಣ್ಣಿದ್ದವರ ಮಾತು ಇದು. ಕಣ್ಣಿಲ್ಲದ ನಮ್ಮ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಪುಟವನ್ನು ಓದುವುದಿಲ್ಲ, ಕೇಳುತ್ತಾರೆ. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಯಾವ ಭಾಷೆಯ ದನಿಯಲ್ಲಿ ಓದಬೇಕೆಂದು ಅದು ನೋಡುವುದು ಈ ಬೋರ್ಡನ್ನೇ. 'ಕೆಎನ್' ಕಂಡರೆ ಕನ್ನಡದ ದನಿ ಎತ್ತಿಕೊಳ್ಳುತ್ತದೆ. 'ಇಎನ್' ಕಂಡರೆ ಇಂಗ್ಲಿಷ್ ದನಿಯನ್ನು ಕರೆಯುತ್ತದೆ. ಆ ದನಿಗೆ ಕನ್ನಡ ಅಕ್ಷರ ಬಾರದು. ಸಾಲು ಸಾಲನ್ನೇ ನುಂಗಿ ಸುಮ್ಮನಾಗಬಹುದು, ಇಲ್ಲವೇ ಅರ್ಥವಿಲ್ಲದ ಏನನ್ನೋ ಒದರಬಹುದು.

ಬಬಲೇಶ್ವರದ ಒಬ್ಬ ಅಂಧ ವಿದ್ಯಾರ್ಥಿನಿ ವಿದ್ಯಾರ್ಥಿವೇತನದ ಪ್ರಕಟಣೆ ತೆರೆದಿದ್ದಾಳೆ ಎಂದುಕೊಳ್ಳಿ. ಪ್ರಕಟಣೆ ಕನ್ನಡದಲ್ಲಿದೆ. ಇಸ್ಪೀಕ್ ಎಂಬ ಪುಕ್ಕಟೆ ತಂತ್ರಾಂಶದ ಕನ್ನಡ ದನಿ ಅವಳ ಕಂಪ್ಯೂಟರಿನಲ್ಲಿದೆ. ಅವಳಿಗೆ ಕನ್ನಡ ಗೊತ್ತು. ಮೂರೂ ಇದ್ದು ಅವಳಿಗೆ ಪ್ರಕಟಣೆ ಕೇಳಿಸುವುದಿಲ್ಲ, ಕೊನೆಯ ದಿನಾಂಕ ತಪ್ಪುತ್ತದೆ. ತಪ್ಪಿಸಿದ್ದು ಯಾರು? ಎರಡು ಅಕ್ಷರ ಬದಲಿಸದ ನಾವು. ತಿಳಿದವರು ದನಿಯನ್ನು ಕೈಯಿಂದ ಬದಲಿಸಿಕೊಳ್ಳುತ್ತಾರೆ, ನಿಜ. ಇಂಗ್ಲಿಷ್ ಓದುವವನಿಗಿಲ್ಲದ ಈ ಹೆಚ್ಚುವರಿ ದುಡಿಮೆ ಕನ್ನಡದ ಹುಡುಗಿಗೆ ಮಾತ್ರ ಏಕೆ?

ಇದು ನಮ್ಮ ಕಲ್ಪನೆಯ ಬೇಡಿಕೆಯೇನಲ್ಲ. ವೆಬ್ ಪುಟಗಳು ಎಲ್ಲರಿಗೂ ಎಟುಕಬೇಕೆಂದು ಮಾಡಿದ ಅಂತರರಾಷ್ಟ್ರೀಯ ಸೂತ್ರಗಳಲ್ಲಿ, ಪುಟದ ಭಾಷೆಯನ್ನು ಯಂತ್ರಕ್ಕೆ ತಿಳಿಯುವಂತೆ ಹೇಳಬೇಕೆಂಬುದು ಮೊಟ್ಟಮೊದಲ ಹಂತದ ನಿಯಮ. ಸರ್ಕಾರಿ ಜಾಲತಾಣಗಳಿಗೆ ಕೇಂದ್ರ ಸರ್ಕಾರ 2009 ರಲ್ಲಿ ಮಾರ್ಗಸೂಚಿ ತಂದಿತು. ಅದರ ಮೂರನೆಯ ಆವೃತ್ತಿ 2023 ರಲ್ಲಿ ಬಂತು, ಅದೂ ಆ ಸೂತ್ರಗಳನ್ನೇ ಒಪ್ಪಿದೆ. ಮಾಹಿತಿ ಮತ್ತು ಸಂಪರ್ಕ ಎಲ್ಲ ಅಂಗವಿಕಲರಿಗೂ ಎಟುಕಬೇಕೆಂದು 2016 ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42 ನೆಯ ಕಲಮು ಹೇಳುತ್ತದೆ. ಅಂದರೆ ಕಚೇರಿಯ ಕನ್ನಡ ಪುಟಕ್ಕೆ ಕನ್ನಡದ ಬೋರ್ಡು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಬಿಜಾಪುರ ಎಂದರೆ ಯಾವ ಬಿಜಾಪುರ?

ಭಾಷೆಯ ಬೋರ್ಡು ಒಂದು. ಪುಟದ ನೆತ್ತಿಯಲ್ಲಿ ಇನ್ನೂ ಎರಡು ಬೋರ್ಡುಗಳಿವೆ. ಒಂದು, ಟೈಟಲ್ ಅಥವಾ ಶೀರ್ಷಿಕೆ. ಇನ್ನೊಂದು, ಮೆಟಾ ಡಿಸ್ಕ್ರಿಪ್ಷನ್ ಎಂಬ ಎರಡು ಸಾಲಿನ ಪರಿಚಯ. ಗೂಗಲ್‌ನಲ್ಲಿ ಹುಡುಕಿದಾಗ ನೀಲಿ ಅಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಈ ಶೀರ್ಷಿಕೆ, ಅದರ ಕೆಳಗೆ ಹಲವು ಸಲ ಬರುವುದು ಈ ಪರಿಚಯ. ಹುಡುಕುವವನು ನಿಮ್ಮ ಮನೆಗೆ ಬರಬೇಕೋ ಮುಂದಿನ ಮನೆಗೆ ಹೋಗಬೇಕೋ ಎಂದು ತೀರ್ಮಾನಿಸುವುದು ಇದನ್ನು ನೋಡಿ. ಅಲ್ಲಿ ಬರೀ 'ಹೋಮ್' ಎಂದು ಬರೆದು ಕೂತವರನ್ನು ಏನೆನ್ನೋಣ? ಯಾರ ಮನೆ? ಯಾವ ಊರಿನ ಮನೆ?

ಊರಿನ ಹೆಸರಿನ ಗೋಜಲು ನಮ್ಮಷ್ಟು ಇನ್ಯಾರಿಗಿದೆ? 2014 ರ ನವೆಂಬರ್ 1 ರಂದು ಕರ್ನಾಟಕದ 12 ನಗರಗಳ ಹೆಸರು ಬದಲಾದವು. ಬಿಜಾಪುರ ವಿಜಯಪುರವಾಯಿತು. ಒಳ್ಳೆಯದಾಯಿತು. ಈಗ ಇಂಗ್ಲಿಷಿನಲ್ಲಿ ಬಿಜಾಪುರ ಎಂದು ಹುಡುಕಿ ನೋಡಿ. 2007 ರಲ್ಲಿ ದಾಂತೇವಾಡದಿಂದ ಬೇರೆಯಾದ ಛತ್ತೀಸಗಡದ ಬಿಜಾಪುರ ಜಿಲ್ಲೆಯೂ ಅದೇ ಹೆಸರಿನದು. ಗೋಳಗುಮ್ಮಟದ ಬದಲು ನಕ್ಸಲರ ಕಾಳಗದ ಸುದ್ದಿ ಎದುರಾಗಬಹುದು. ಹೋಗಲಿ, ವಿಜಯಪುರ ಎಂದು ಹುಡುಕಿದರೆ? ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರವಿದೆ. ನಮ್ಮ ಪುಟದ ಶೀರ್ಷಿಕೆಯಲ್ಲಿ 'ವಿಜಯಪುರ ಜಿಲ್ಲೆ, ಕರ್ನಾಟಕ' ಎಂದು ಪೂರ್ತಿ ಬರೆಯದಿದ್ದರೆ ಯಂತ್ರ ಬಿಡಿ, ಮನುಷ್ಯನೂ ದಾರಿ ತಪ್ಪುತ್ತಾನೆ. ಹಳೆಯ ಹೆಸರಿನಲ್ಲೇ ಹುಡುಕುವ ಹೊರನಾಡಿನವರಿಗಾಗಿ ಪರಿಚಯದ ಸಾಲಿನಲ್ಲಿ 'ಹಿಂದಿನ ಬಿಜಾಪುರ' ಎಂದು ಸೇರಿಸಿ. ಅದರಿಂದ ಹೊಸ ಹೆಸರಿಗೆ ಅವಮಾನವಿಲ್ಲ. ಹಳೆಯ ದಾರಿಯಲ್ಲಿ ಬಂದವನನ್ನೂ ಹೊಸ ಮನೆಗೆ ಕರೆತಂದ ಹಾಗೆ.

ತಿಕೋಟಾ, ಬಬಲೇಶ್ವರಗಳ ಪಾಡು ಇನ್ನೊಂದು. 2017 ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಇವೆರಡೂ ಇದ್ದವು. ತಾಲ್ಲೂಕೆಂದ ಮೇಲೆ ಕಚೇರಿ, ದಾಖಲೆ, ಪ್ರಕಟಣೆ ಎಲ್ಲ ಬಂದವು. ಇಂಗ್ಲಿಷಿನಲ್ಲಿ ಬಬಲೇಶ್ವರ ಬರೆಯುವಾಗ ಒಬ್ಬ ಡಬ್ಲ್ಯು ಹಾಕುತ್ತಾನೆ, ಇನ್ನೊಬ್ಬ ವಿ ಹಾಕುತ್ತಾನೆ, ಮತ್ತೊಬ್ಬ ಕೊನೆಗೊಂದು ಎ ಅಂಟಿಸುತ್ತಾನೆ. ತಿಕೋಟಾ ಎಂದು ಹುಡುಕಹೋದವನಿಗೆ ಇದೇ ಜಿಲ್ಲೆಯ ತಾಳಿಕೋಟೆ ಅಡ್ಡ ಬರುತ್ತದೆ. ಕನ್ನಡ ಅಕ್ಷರದಲ್ಲಿ ಬರೆದು ನೋಡಿ: ಬಬಲೇಶ್ವರ. ಗೊಂದಲವೆಲ್ಲಿ? ತನ್ನ ಊರಿನ ಹೆಸರನ್ನು ತನ್ನ ಲಿಪಿಯಲ್ಲಿ ಬರೆಯುವುದೇ ಹುಡುಕಾಟಕ್ಕೆ ಎಲ್ಲಕ್ಕಿಂತ ನೇರವಾದ ದಾರಿ. ಹೊಟ್ಟೆಪಾಡಿನ ಲೆಕ್ಕದಲ್ಲೂ ಅದೇ ಲಾಭ.

ಹೊಟ್ಟೆಪಾಡು ಎಂದದ್ದು ಸುಮ್ಮನಲ್ಲ. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರ ಒಣದ್ರಾಕ್ಷಿಯನ್ನು, ನಮ್ಮ ಕಡೆಯ ಮಾತಿನಲ್ಲಿ ಮಣೂಕವನ್ನು, ಸಾಂಗ್ಲಿ, ತಾಸಗಾಂವದ ಪೇಟೆಗೆ ಸಾಗಿಸುತ್ತಾನೆ. ಅವನು ಈಗ ಮೊಬೈಲಿಗೆ ಬಾಯಲ್ಲೇ ಹೇಳಿ ದರ ಹುಡುಕುತ್ತಾನೆ, ಕನ್ನಡದಲ್ಲೇ ಹೇಳುತ್ತಾನೆ. 'ಒಣದ್ರಾಕ್ಷಿ ದರ, ವಿಜಯಪುರ' ಎಂಬ ಕನ್ನಡ ಶೀರ್ಷಿಕೆಯ ಪುಟವಿದ್ದರೆ ತಾನೇ ಅವನಿಗೆ ಸಿಗುವುದು? ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023 ರ ಜನವರಿ 2 ರಂದು ಲಿಂಗೈಕ್ಯರಾದರು. ಅವರ ಪ್ರವಚನ ಹುಡುಕುವ ತಾಯಂದಿರು ಇಂಗ್ಲಿಷಿನಲ್ಲಿ ಹುಡುಕುತ್ತಾರೆಯೇ? ಧ್ವನಿ ಕನ್ನಡದ್ದು, ಶೀರ್ಷಿಕೆ ಇಂಗ್ಲಿಷಿನದು ಎಂದರೆ ಅವರ ಕೈಗೆ ಅದು ಎಟುಕುವುದು ಹೇಗೆ?

ಈ ನೆಲಕ್ಕೆ ಇದು ಹೊಸ ವಿದ್ಯೆಯೇ?

ಗೆಳೆಯರೇ, ಗುರುತಿನ ಬೆಲೆ ವಿಜಯಪುರಕ್ಕೆ ಯಾರೂ ಕಲಿಸಬೇಕಾಗಿಲ್ಲ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಇದೇ ಊರಿನಲ್ಲಿ ಕೂತು ಓಲೆಗರಿಯ ಕಟ್ಟುಗಳನ್ನು ಕೂಡಿಹಾಕಿದರು. 1923 ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. 1925 ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926 ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಓಲೆಗರಿಯಲ್ಲಿ ಒಬ್ಬರ ವಚನದೊಳಗೆ ಇನ್ನೊಬ್ಬರದು ಬೆರೆತಿದ್ದರೆ ಬೇರ್ಪಡಿಸುವುದು ಹೇಗೆ? ಅಂಕಿತದಿಂದ! ಕೂಡಲಸಂಗಮದೇವ ಎಂದರೆ ಬಸವಣ್ಣ. ಗುಹೇಶ್ವರ ಎಂದರೆ ಅಲ್ಲಮ. ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯ ಮಹಿಪತಿದಾಸರ ಹಾಡುಗಳನ್ನು ಗುರುತಿಸುವುದೂ ಅಂಕಿತದಿಂದಲೇ.

ಅಂಕಿತವಿದ್ದ ವಚನ ಎಂಟು ನೂರು ವರ್ಷ ದಾಟಿಯೂ ತನ್ನ ಒಡೆಯನ ಹೆಸರು ಹೇಳಿತು. ಅಂಕಿತ ಕಳೆದುಕೊಂಡದ್ದು ಅನಾಥವಾಯಿತು. ವೆಬ್ ಪುಟದ ನೆತ್ತಿಯಲ್ಲಿರುವ ಈ ಗುರುತುಗಳೂ ಒಂದು ಬಗೆಯ ಅಂಕಿತ. ಯಾರದು, ಯಾವ ನುಡಿಯದು, ಯಾವ ಊರಿನದು ಎಂದು ಹೇಳುವ ಅಂಕಿತ. ಅದನ್ನು ಹಾಕುವುದು ಮರೆತವನು ತನ್ನ ವಚನಕ್ಕೆ ಇನ್ನೊಬ್ಬನ ಅಂಕಿತ ಹಾಕಿದಂತೆ.

ಗಡಿಯಲ್ಲಿರುವ ನಮಗೆ ಇದರ ಬಿಸಿ ಇನ್ನೂ ಹೆಚ್ಚು. ಜನಗಣತಿಯವನು ಬಂದಾಗ ಮಾತೃಭಾಷೆ ಕನ್ನಡ ಎಂದು ಬರೆಸಿರಿ ಎಂದು ಜತ್ತ, ಅಕ್ಕಲಕೋಟೆಯ ಕನ್ನಡಿಗರಿಗೆ ನಾವು ಹೇಳುತ್ತೇವೆ. ಏಕೆ? ಬರೆಸದಿದ್ದರೆ ಲೆಕ್ಕಕ್ಕೆ ಇಲ್ಲ. 2011 ರ ಗಣತಿಯಲ್ಲಿ ಕನ್ನಡ ಬರೆಸಿದವರು 4 ಕೋಟಿ 37 ಲಕ್ಷ. ಗಡಿಯಾಚೆಯ ಅಣ್ಣನಿಗೆ ಬುದ್ಧಿ ಹೇಳುವ ನಾವು, ನಮ್ಮದೇ ಪುಟದ ಮಾತೃಭಾಷೆಯ ಕಲಮಿನಲ್ಲಿ ಇಂಗ್ಲಿಷ್ ಎಂದು ಬರೆಸಿ ಕೂತಿದ್ದೇವೆ! 2022 ರ ಡಿಸೆಂಬರಿನಲ್ಲಿ ಗಡಿ ವಿವಾದ ಕಾವೇರಿದ್ದಾಗ ತುಬಚಿ ಬಬಲೇಶ್ವರ ಏತ ನೀರಾವರಿಯ ನೀರು ಜತ್ತ ತಾಲ್ಲೂಕಿನ ಹಳ್ಳಿಗಳಿಗೆ ಹರಿಯಿತು. ನೀರು ಗಡಿ ದಾಟಿತು. ನಮ್ಮ ಸುದ್ದಿಯೂ ದಾಟಬೇಕಾದರೆ ಅಲ್ಲಿಯ ಕನ್ನಡಿಗ ಕನ್ನಡದಲ್ಲಿ ಹುಡುಕಿದಾಗ ಸಿಗುವಂತಿರಬೇಕು.

ಇಲ್ಲದ ಆಸೆ ಹುಟ್ಟಿಸುವುದಿಲ್ಲ

ಒಂದು ಮಾತು ನೇರವಾಗಿ ಹೇಳುತ್ತೇವೆ. 'ಕೆಎನ್' ಹಾಕಿದ ಮರುದಿನ ನಿಮ್ಮ ಪುಟ ಗೂಗಲ್‌ನ ಮೊದಲ ಸಾಲಿಗೆ ಜಿಗಿಯುವುದಿಲ್ಲ. ಪುಟದ ಭಾಷೆ ತಿಳಿಯಲು ತಾನು ಆ ಬೋರ್ಡು ನೋಡುವುದಿಲ್ಲ, ಕಾಣುವ ಬರಹವನ್ನೇ ನೋಡುತ್ತೇನೆ ಎಂದು ಗೂಗಲ್ ಹೇಳಿದೆ. ಬೋರ್ಡು ಬೇಕಾಗಿರುವುದು ಓದಿ ಹೇಳುವ ತಂತ್ರಾಂಶಕ್ಕೆ, ಅಕ್ಷರರೂಪ ಆರಿಸುವ ಬ್ರೌಸರಿಗೆ, ಸಾಲಿನ ಕೊನೆಯಲ್ಲಿ ಪದ ಒಡೆಯುವ, ಕಾಗುಣಿತ ನೋಡುವ ಯಂತ್ರಕ್ಕೆ. ಅಷ್ಟು ಸಾಲದೇ?

ಇನ್ನೊಂದು ಎಚ್ಚರಿಕೆ. "ನಿಮ್ಮ ಪುಟಕ್ಕೆ ಮೆಟಾ ಕೀವರ್ಡ್ ತುಂಬುತ್ತೇವೆ, ಇಷ್ಟು ಸಾವಿರ ಕೊಡಿ" ಎಂದು ಬರುವವರಿದ್ದಾರೆ. ಕೀವರ್ಡ್ ಗುರುತನ್ನು ತಾನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಗೂಗಲ್ 2009 ರಲ್ಲೇ ಸಾರಿದೆ. ಸಂಬಂಧವಿಲ್ಲದ ಪದಗಳನ್ನು ತುರುಕಿ ಮೋಸ ಮಾಡುವವರು ಹೆಚ್ಚಿ ಆ ಗುರುತು ಸತ್ತಿತು. ಸತ್ತ ಕುದುರೆಗೆ ಹುಲ್ಲು ಹಾಕಿ ದುಡ್ಡು ಕಳೆಯಬೇಡಿ.

ಬೋರ್ಡು ಸರಿಯಿದ್ದೂ ಕನ್ನಡ ಸಾಯುವ ಎರಡು ಜಾಗಗಳಿವೆ. ಒಂದು, ಹಳೆಯ ಫಾಂಟು. ಯೂನಿಕೋಡ್ ಅಲ್ಲದ ಹಳೆಯ ಪದ್ಧತಿಯಲ್ಲಿ ಟೈಪು ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಕಸ. ಯೂನಿಕೋಡ್‌ನಲ್ಲಿ ಬರೆದೂ, ಮೆಟಾ ಸಾಲಿನಲ್ಲಿ 'ಯುಟಿಎಫ್-8' ಎಂದು ಹೇಳದಿದ್ದರೆ ಬ್ರೌಸರ್ ಊಹೆಗೆ ಇಳಿಯುತ್ತದೆ. ಅಲ್ಲಿ ಒಂದೊಂದು ಕನ್ನಡ ಅಕ್ಷರ ಮೂರು ಬೈಟಿನದು. ಊಹೆ ತಪ್ಪಿದರೆ ಒಂದೊಂದೂ ಮೂರು ಚೂರಾಗಿ ಒಡೆಯುತ್ತದೆ, ತಲೆಯ ಮೇಲೆ ಓರೆಗೀಟು ಹೊತ್ತ ವಿಚಿತ್ರ ಅಕ್ಷರಗಳ ದಿಬ್ಬಣ ಹೊರಡುತ್ತದೆ. ಎರಡನೆಯದು, ಪ್ರಕಟಣೆಯ ಫೋಟೊ. ನಮ್ಮ ಕನ್ನಡ ಸಂಘಟನೆಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ! ಚಂದದ ಪೋಸ್ಟರು ಮಾಡಿ ಚಿತ್ರವಾಗಿ ಹಾಕಿಬಿಡುತ್ತೇವೆ. ಅದರೊಳಗಿನ ಮಾತು ಸ್ಕ್ರೀನ್ ರೀಡರಿಗೆ ಕೇಳಿಸದು. ಚಿತ್ರ ಹಾಕಿ, ಬೇಡವೆಂದವರಾರು? ಅದರ 'ಆಲ್ಟ್' ಜಾಗದಲ್ಲಿ ವಿಷಯವೇನೆಂದು ಕನ್ನಡದಲ್ಲಿ ಬರೆಯಿರಿ, ಪೂರ್ತಿ ಬರಹವನ್ನು ಕೆಳಗೆ ಕೊಡಿ.

ಇಂದೇ ಮಾಡಬೇಕಾದದ್ದು

ನೀವು ಪುಟ ಕಟ್ಟುವವರಾದರೆ, ಮೊದಲ ಸಾಲಿನಲ್ಲಿ 'ಕೆಎನ್' ಬರೆಯಿರಿ. ವರ್ಡ್‌ಪ್ರೆಸ್ ಬಳಸುವವರಾದರೆ ಅಷ್ಟೂ ಬೇಡ, ಸೆಟ್ಟಿಂಗ್ಸ್‌ಗೆ ಹೋಗಿ ಸೈಟಿನ ಭಾಷೆ ಕನ್ನಡ ಎಂದು ಆರಿಸಿ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಶೀರ್ಷಿಕೆಯಲ್ಲಿ ಏನು, ಯಾವ ಊರು, ಯಾವ ಜಿಲ್ಲೆ ಎಂದು ಕನ್ನಡದಲ್ಲಿ ಬರೆಯಿರಿ. ಪುಟದೊಳಗೆ ಇಂಗ್ಲಿಷ್ ತುಣುಕಿದ್ದರೆ ಆ ತುಣುಕಿಗಷ್ಟೇ 'ಇಎನ್' ಕೊಡಿ. ಮರಾಠಿ ಇದ್ದರೆ 'ಎಂಆರ್', ಉರ್ದು ಇದ್ದರೆ 'ಯುಆರ್'. ಆದಿಲಶಾಹಿಯ ಊರಿನಲ್ಲಿ ಬೆಳೆದವರು ನಾವು. ಬೇರೆ ಭಾಷೆಗೆ ಅದರ ಹೆಸರು ಕೊಟ್ಟೇ ನಮ್ಮ ಹೆಸರು ಕೇಳುತ್ತೇವೆ.

ನೀವು ವಿದ್ಯಾರ್ಥಿಗಳಾದರೆ, ನಿಮ್ಮ ಕಾಲೇಜಿನ ಕನ್ನಡ ಪುಟ ತೆರೆದು ಕಂಟ್ರೋಲ್ ಯು ಒತ್ತಿ ನೋಡಿ. ತಪ್ಪಿದ್ದರೆ ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ. ತಾಲ್ಲೂಕು ಕಚೇರಿಯ ಪ್ರಕಟಣೆ ಹಳೆಯ ಫಾಂಟಿನಲ್ಲಿದ್ದರೆ ತಹಶೀಲ್ದಾರರಿಗೆ, ಅಲ್ಲಿ ಕೆಲಸವಾಗದಿದ್ದರೆ ಜಿಲ್ಲಾಧಿಕಾರಿಗಳಿಗೆ ಬರೆಯಿರಿ. ಮಾರ್ಗಸೂಚಿಯ ಹೆಸರು, 42 ನೆಯ ಕಲಮು ಎರಡನ್ನೂ ಅರ್ಜಿಯಲ್ಲಿ ನಮೂದಿಸಿ. ಕನ್ನಡದಲ್ಲೇ ಬರೆಯಿರಿ ಎಂದು ಬೇರೆ ಹೇಳಬೇಕೇ?

ಏನೂ ಬಾರದವರಿಗೂ ಕೆಲಸವಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಅದರಲ್ಲಿ ಪ್ರತಿ ಊರಿಗೂ 'ನೇಮ್' ಎಂದು ಬರೆದು ಎರಡು ಚುಕ್ಕಿ ಇಟ್ಟು 'ಕೆಎನ್' ಎಂದು ಸೇರಿಸುವ ಒಂದು ಗುರುತಿದೆ. ಊರಿನ ಕನ್ನಡ ಹೆಸರು ಕೂರುವ ಮಣೆ ಅದು. ಒಂದು ಭಾನುವಾರ ಐದಾರು ಗೆಳೆಯರು ಕೂಡಿ ಕೂತುಕೊಳ್ಳಿ. ತಿಕೋಟಾ, ಹೊನವಾಡ, ಬಿಜ್ಜರಗಿ, ಕನಮಡಿ. ಬಬಲೇಶ್ವರ, ಮಮದಾಪುರ, ಸಾರವಾಡ, ಕಾಖಂಡಕಿ. ಒಂದೊಂದೇ ಊರಿನ ಮಣೆ ಖಾಲಿ ಇದೆಯೇ ನೋಡಿ. ಖಾಲಿ ಇದ್ದರೆ ಊರಿನ ಜನ ಕರೆಯುವ ಹೆಸರನ್ನು, ಊರಿನವರನ್ನೇ ಕೇಳಿ, ಕನ್ನಡ ಅಕ್ಷರದಲ್ಲಿ ತುಂಬಿ.

ಗೋಳಗುಮ್ಮಟದೊಳಗೆ ಒಂದು ಸಲ ಕೂಗಿದರೆ ಏಳು ಸಲ ಮರುದನಿ ಬರುತ್ತದೆ ಎಂದು ನಾವು ಜಗತ್ತಿಗೆಲ್ಲ ಹೇಳಿಕೊಳ್ಳುತ್ತೇವೆ. ಮರುದನಿ ಬರಬೇಕಾದರೆ ಮೊದಲು ಕೂಗಬೇಕು, ನಮ್ಮ ಹೆಸರಿಟ್ಟು ಕೂಗಬೇಕು. ಬೀದಿಯ ಬೋರ್ಡಿಗೆ ಕಾನೂನು ಬರಲು ದಶಕಗಳೇ ಬೇಕಾದವು. ಈ ಬೋರ್ಡಿಗೆ ವಿಧಾನಸೌಧದ ಅಪ್ಪಣೆ ಬೇಡ, ಪೊಲೀಸರ ಲಾಠಿಯ ಭಯವಿಲ್ಲ. ಕೀಲಿಮಣೆ ನಿಮ್ಮ ಕೈಯಲ್ಲೇ ಇದೆ.

ಕೆ, ಎನ್. ಒತ್ತಿರಿ!

ಜೈ ಕನ್ನಡ! ಜೈ ಕರ್ನಾಟಕ!